ಕೊಯ್ಲಿಗೆ ಮುನ್ನ ಗಾಡಿಯ ಅಡಿಗೊಮ್ಮೆ ನೋಡಿ: ಡಿಫರೆನ್ಷಿಯಲ್ ಮತ್ತು ಟ್ರಾನ್ಸ್‌ಫರ್ ಕೇಸ್ ಆಯಿಲ್ ಬದಲಾವಣೆ

ನಮ್ಮ ಬೆಳೆಗಾರ ಬಂಧುಗಳು ಗಿಡಕ್ಕೆ ಗೊಬ್ಬರ ಯಾವಾಗ, ಬೋರ್ಡೋ ಸಿಂಪಡಣೆ ಯಾವಾಗ ಎಂಬುದನ್ನು ಬಾಯಿಪಾಠವಾಗಿ ಹೇಳಬಲ್ಲರು. ಇಂಜಿನ್ ಆಯಿಲ್ ಬದಲಾಯಿಸಿದ ದಿನವನ್ನೂ ಬಹುಮಂದಿ ಬರೆದಿಡುತ್ತಾರೆ. ಆದರೆ "ಹಿಂದಿನ ಹೌಸಿಂಗ್‌ನ ಆಯಿಲ್ ಬದಲಾಯಿಸಿದ್ದು ಯಾವಾಗ? ಟ್ರಾನ್ಸ್‌ಫರ್ ಕೇಸಿನದು?" ಎಂದು ಕೇಳಿದರೆ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ಡ್ರೈವರನ ಮುಖ ನೋಡುತ್ತಾರೆ. ಡ್ರೈವರನು ಮೇಸ್ತ್ರಿಯ ಹೆಸರು ಹೇಳುತ್ತಾನೆ. ಮೇಸ್ತ್ರಿಯು "ಎಲ್ಲಾ ಸರಿ ಇದೆ ಸಾರ್" ಎನ್ನುತ್ತಾನೆ. ವಿಷಯ ಅಲ್ಲಿಗೇ ಮುಗಿಯುತ್ತದೆ.

ಹೀಗೆ ಮುಗಿಸಿದ್ದರ ಫಲವನ್ನು ನಾವೇ ಒಮ್ಮೆ ಉಂಡಿದ್ದೇವೆ. ಅದನ್ನು ಮೊದಲು ಹೇಳಿ, ಆಮೇಲೆ ಕೆಲಸದ ಕ್ರಮಕ್ಕೆ ಬರುತ್ತೇವೆ.

ಮದ್ದೂರಿನಲ್ಲಿ ನಿಂತ ಗಾಡಿ

ಇದು ವಡೆಯ ಮದ್ದೂರಲ್ಲ. ಗುಂಡ್ಲುಪೇಟೆ ತಾಲ್ಲೂಕಿನ, ಬಂಡೀಪುರ ಕಾಡಿನ ಅಂಚಿನ ಮದ್ದೂರು. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766, ಅಂದರೆ ಹಿಂದೆ ನಾವೆಲ್ಲ 212 ಎಂದು ಕರೆಯುತ್ತಿದ್ದ ರಸ್ತೆ, ಈ ಊರು ದಾಟಿದ ಮೇಲೆ ಕಾಡು ಹೊಕ್ಕು ಮೂಲೆಹೊಳೆಯ ಮೂಲಕ ಗಡಿ ದಾಟುತ್ತದೆ. 2009ರಲ್ಲಿ ರಾತ್ರಿ ಸಂಚಾರದ ನಿರ್ಬಂಧ ಬಂದ ಮೇಲೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಈ ದಾರಿಯಲ್ಲಿ ಸಾಮಾನ್ಯ ವಾಹನಗಳಿಗೆ ಪ್ರವೇಶವಿಲ್ಲ. ಗಡಿಯಾಚೆ ತೋಟ ಇಟ್ಟುಕೊಂಡವರಿಗೆ, ಅಲ್ಲಿಂದ ಮಾಲು ತರುವವರಿಗೆ ಈ ಗಡಿಯಾರದ ಲೆಕ್ಕ ಚೆನ್ನಾಗಿ ಗೊತ್ತು.

ಒಂದು ಕೊಯ್ಲಿನ ಕಾಲದಲ್ಲಿ ಬತ್ತೇರಿ ಕಡೆಯ ತೋಟದಿಂದ ಒಣ ಕಾಫಿ ಚೆರಿಯ ಚೀಲ ತುಂಬಿದ ನಮ್ಮ ಫೋರ್‌ವೀಲ್ ಪಿಕಪ್ ಸಂಜೆ ಹೊರಟಿತು. ಗಡಿ ದಾಟುವ ಮೊದಲೇ ಹಿಂಬದಿಯಿಂದ ಸಣ್ಣಗೆ ಊಳಿಡುವ ಸದ್ದು. ವೇಗ ಹೆಚ್ಚಿದರೆ ಸದ್ದು ಹೆಚ್ಚುತ್ತಿತ್ತು, ಕಾಲು ತೆಗೆದರೆ ರಾಗ ಬದಲಾಗುತ್ತಿತ್ತು. ಟೈರಿನ ಸದ್ದಿರಬೇಕೆಂದು ಸಮಾಧಾನ ಮಾಡಿಕೊಂಡೆವು. ಕಾಡಿನೊಳಗೆ ಇಳಿದು ನೋಡುವಂತಿಲ್ಲ. ಮದ್ದೂರಿನ ಚೆಕ್‌ಪೋಸ್ಟ್ ದಾಟಿ ಊರಿನ ದೀಪ ಕಂಡ ಹೊತ್ತಿಗೆ ಹಿಂದಿನಿಂದ "ಕಟ್" ಎಂಬ ಸದ್ದು ಕೇಳಿತು. ಗಾಡಿ ಅಲ್ಲಿಂದ ಮುಂದೆ ಹೋಗಲಿಲ್ಲ. ಇದೇ ಐದಾರು ಕಿಲೋಮೀಟರ್ ಹಿಂದೆ, ಆನೆ ದಾಟುವ ಜಾಗದಲ್ಲಿ, ಕತ್ತಲಾದ ಮೇಲೆ ಆಗಿದ್ದರೆ ಏನು ಗತಿ ಎಂದು ಈಗಲೂ ನೆನೆದರೆ ಬೆವರುತ್ತದೆ.

ಮರುದಿನ ಹಿಂದಿನ ಹೌಸಿಂಗ್ ಬಿಚ್ಚಿದಾಗ ಒಳಗೆ ಒಂದು ಲೋಟದಷ್ಟೂ ಆಯಿಲ್ ಇರಲಿಲ್ಲ. ಪಿನಿಯನ್ ಸೀಲ್ ಸೋರಿ ಸೋರಿ ಖಾಲಿಯಾಗಿತ್ತು. ಕ್ರೌನ್ ಮತ್ತು ಪಿನಿಯನ್‌ಗಳ ಹಲ್ಲು ಸುಟ್ಟು ನೀಲಿಗಟ್ಟಿ, ಕೆಲವು ಮುರಿದಿದ್ದವು. ಮೂರು ತಿಂಗಳ ಹಿಂದಿನ ಬಿಲ್ಲಿನಲ್ಲಿ "ಎಲ್ಲಾ ಆಯಿಲ್ ಬದಲಾವಣೆ" ಎಂದು ಬರೆದಿತ್ತು. ಆದರೆ ಹೌಸಿಂಗ್‌ನ ಫಿಲ್ಲರ್ ಪ್ಲಗ್ಗಿನ ಸುತ್ತ ವರ್ಷಗಳ ಕೆಸರು ಕಲ್ಲಿನಂತೆ ಕೂತಿತ್ತು; ಪಾನಾ ತಾಗಿದ ಗುರುತೇ ಇರಲಿಲ್ಲ. ಯಾವ ವರ್ಕ್‌ಷಾಪ್ ಎಂಬುದು ಇಲ್ಲಿ ಮುಖ್ಯವಲ್ಲ. ಬಿಲ್ಲು ಓದಿದ ನಾವು ಗಾಡಿಯ ಅಡಿಗೆ ಒಮ್ಮೆಯೂ ಬಗ್ಗಿ ನೋಡಲಿಲ್ಲ ಎಂಬುದು ಮುಖ್ಯ. ಕ್ರೌನ್ ಮತ್ತು ಪಿನಿಯನ್ ಒಟ್ಟಿಗೆ ಹೊಂದಿಸಿದ ಜೋಡಿ. ಒಂದು ಕೆಟ್ಟರೂ ಎರಡನ್ನೂ ಬದಲಾಯಿಸಬೇಕು. ಆ ಖರ್ಚಿನಲ್ಲಿ ಹಲವು ವರ್ಷಗಳ ಗೇರ್ ಆಯಿಲ್ ಬರುತ್ತಿತ್ತು.

ಒಳಗೆ ಏನಿದೆ?

ಫೋರ್‌ವೀಲ್ ಗಾಡಿಯಲ್ಲಿ ಇಂಜಿನ್ ಬಿಟ್ಟು ಇನ್ನೂ ನಾಲ್ಕು ಕಡೆ ಆಯಿಲ್ ಇರುತ್ತದೆ: ಗೇರ್‌ಬಾಕ್ಸ್, ಅದರ ಬೆನ್ನಿಗಿರುವ ಟ್ರಾನ್ಸ್‌ಫರ್ ಕೇಸ್, ಮುಂದಿನ ಡಿಫರೆನ್ಷಿಯಲ್, ಹಿಂದಿನ ಡಿಫರೆನ್ಷಿಯಲ್. ಟ್ರಾನ್ಸ್‌ಫರ್ ಕೇಸ್ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುತ್ತದೆ. ಲೋ ಗೇರನ್ನೂ ಕೊಡುತ್ತದೆ. ಡಿಫರೆನ್ಷಿಯಲ್ ಆ ಶಕ್ತಿಯನ್ನು ಅಡ್ಡ ತಿರುಗಿಸಿ ಎರಡು ಚಕ್ರಗಳಿಗೆ ಹಂಚುತ್ತದೆ ಮತ್ತು ತಿರುವಿನಲ್ಲಿ ಒಂದು ಚಕ್ರ ಹೆಚ್ಚು, ಒಂದು ಕಡಿಮೆ ಸುತ್ತಲು ಬಿಡುತ್ತದೆ.

ಲೆಕ್ಕ ನೋಡಿ. ನಮ್ಮ ತೋಟಗಳ ಹಳೆಯ ವಿಲ್ಲೀಸ್ ಮಾದರಿಯ ಜೀಪಿನಲ್ಲಿ ಟ್ರಾನ್ಸ್‌ಫರ್ ಕೇಸಿನ ಲೋ ಗೇರ್ 2.46ಕ್ಕೆ 1. ಡಿಫರೆನ್ಷಿಯಲ್ 5.38ಕ್ಕೆ 1. ಎರಡೂ ಸೇರಿದರೆ ಚಕ್ರ ಒಂದು ಸುತ್ತು ಬರಲು ಟ್ರಾನ್ಸ್‌ಫರ್ ಕೇಸಿಗೆ ಬರುವ ಶಾಫ್ಟ್ 13 ಸುತ್ತಿಗಿಂತ ಹೆಚ್ಚು ತಿರುಗಬೇಕು. ಲೋ ಗೇರಿನಲ್ಲಿ ಎಳೆತ ಎಷ್ಟು ಪಟ್ಟು ಹೆಚ್ಚುತ್ತದೋ ಹಲ್ಲಿನ ಮೇಲಿನ ಒತ್ತಡವೂ ಅಷ್ಟೇ ಹೆಚ್ಚುತ್ತದೆ. ಆ ಜೀಪುಗಳಲ್ಲಿ ಮುಂದಿನ ಆಕ್ಸಲ್ ಸೇರಿಸದೆ ಲೋ ಗೇರ್ ಬೀಳದಂತೆ ತಡೆ ಇಟ್ಟಿರುವುದು ಇದಕ್ಕೇ. ಇಷ್ಟು ಒತ್ತಡವನ್ನು ಹಿಂದಿನ ಆಕ್ಸಲ್ ಒಂದೇ ಹೊರಬಾರದು. ಆದ್ದರಿಂದ ಮೀಟರ್ ನೋಡಿ "ಗಾಡಿ ಓಡಿದ್ದು ನಾಲ್ಕೇ ಸಾವಿರ" ಎನ್ನಬೇಡಿ. ಚೀಲ ಹೊತ್ತು ಲೋ ಗೇರಿನಲ್ಲಿ ತೋಟದ ದಿಬ್ಬ ಹತ್ತಿದ ಒಂದು ಕಿಲೋಮೀಟರು ಮೈಸೂರು ರಸ್ತೆಯ ಒಂದು ಕಿಲೋಮೀಟರಿಗೆ ಸಮವಲ್ಲ.

ಕೆಲವರು "ನಾವು ಫೋರ್‌ವೀಲ್ ಹಾಕುವುದೇ ಇಲ್ಲ, ಮುಂದಿನದಕ್ಕೆ ಆಯಿಲ್ ಯಾಕೆ?" ಎನ್ನುತ್ತಾರೆ. ಫ್ರೀ ವೀಲ್ ಹಬ್ ಇಲ್ಲದ ಗಾಡಿಯಲ್ಲಿ, ಲಿವರ್ ಹಾಕದಿದ್ದರೂ ಮುಂದಿನ ಚಕ್ರದ ಜೊತೆಗೆ ಮುಂದಿನ ಕ್ರೌನ್ ಸುತ್ತುತ್ತಲೇ ಇರುತ್ತದೆ. ಹಬ್ ಇದ್ದ ಗಾಡಿಯಲ್ಲಿ ಅದು ನಿಂತಿರುತ್ತದೆ. ಆಗ ಮೇಲಿನ ಬೇರಿಂಗ್ ಮತ್ತು ಹಲ್ಲುಗಳಿಗೆ ಆಯಿಲ್ ಎರಚದೆ ತುಕ್ಕು ಹಿಡಿಯುವ ಭಯ. ತಿಂಗಳಿಗೊಮ್ಮೆಯಾದರೂ ಮಣ್ಣಿನ ದಾರಿಯಲ್ಲಿ ಫೋರ್‌ವೀಲ್ ಹಾಕಿ ಸ್ವಲ್ಪ ದೂರ ಓಡಿಸುವುದು ಒಳ್ಳೆಯದು.

ಆದರೆ ಒಣಗಿದ ಡಾಂಬರು ರಸ್ತೆಯಲ್ಲಿ ಫೋರ್‌ವೀಲ್ ಬೇಡ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸಾಗಬೇಕು. ಈ ಗಾಡಿಗಳಲ್ಲಿ ಮುಂದು ಹಿಂದುಗಳ ನಡುವೆ ಆ ವ್ಯತ್ಯಾಸ ನುಂಗುವ ಡಿಫರೆನ್ಷಿಯಲ್ ಇಲ್ಲ. ಮಣ್ಣಿನಲ್ಲಾದರೆ ಚಕ್ರ ಜಾರಿ ಸರಿಹೋಗುತ್ತದೆ, ಡಾಂಬರಿನಲ್ಲಿ ಜಾರುವುದಿಲ್ಲ. ಆ ಬಿಗುವೆಲ್ಲ ಟ್ರಾನ್ಸ್‌ಫರ್ ಕೇಸಿನ ಹಲ್ಲಿನ ಮೇಲೆ ಬೀಳುತ್ತದೆ, ಆಯಿಲ್ ಕಾಯುತ್ತದೆ, ಟೈರ್ ಸವೆಯುತ್ತದೆ.

ಯಾವ ಆಯಿಲ್?

ಮೊದಲ ಮಾತು: ಗಾಡಿಯ ಜೊತೆ ಬಂದ ಪುಸ್ತಕ ಹೇಳಿದ್ದೇ ಕೊನೆಯ ಮಾತು. ನಾವು ಹೇಳುವುದು ಅದನ್ನು ಅರ್ಥ ಮಾಡಿಕೊಳ್ಳಲು ಮಾತ್ರ.

ಡಬ್ಬಿಯ ಮೇಲೆ 80, 90, 140 ಎಂಬ ಅಂಕಿಗಳಿರುತ್ತವೆ. ಇವು ಗಟ್ಟಿತನದ ಅಂಕಿ. ಇಂಜಿನ್ ಆಯಿಲ್ 40 ನಂಬರು, ಗೇರ್ ಆಯಿಲ್ 90 ನಂಬರು, ಆದ್ದರಿಂದ ಇದು ಎರಡು ಪಟ್ಟು ಗಟ್ಟಿ ಎಂಬ ಭಾವನೆ ಹಲವರಲ್ಲಿದೆ. ಅದು ತಪ್ಪು. ಎರಡೂ ಬೇರೆ ಬೇರೆ ಅಳತೆಗೋಲು. ಬಿಸಿಯಾದಾಗ 90ರ ಗೇರ್ ಆಯಿಲ್ ಹೆಚ್ಚುಕಡಿಮೆ 40 ಅಥವಾ 50ರ ಇಂಜಿನ್ ಆಯಿಲಿನಷ್ಟೇ ಗಟ್ಟಿ. ನಿಜವಾದ ವ್ಯತ್ಯಾಸ ಇರುವುದು ಒಳಗೆ ಬೆರೆಸಿದ ಮದ್ದಿನಲ್ಲಿ. ಕ್ರೌನ್ ಪಿನಿಯನ್ನಿನ ಹಲ್ಲುಗಳು ಬರೇ ಉರುಳುವುದಿಲ್ಲ, ಒಂದರ ಮೇಲೊಂದು ಒತ್ತಿ ಜಾರುತ್ತವೆ. ಅಂಥ ಒತ್ತಡದಲ್ಲಿ ಸಾಮಾನ್ಯ ಆಯಿಲಿನ ಪದರ ಹರಿದುಹೋಗುತ್ತದೆ. ಅದಕ್ಕಾಗಿ ಗಂಧಕ ಮತ್ತು ರಂಜಕದ ಮದ್ದು ಸೇರಿಸಿದ ಇ.ಪಿ. ಗೇರ್ ಆಯಿಲ್ ಬೇಕು. ಹೊಸ ಗೇರ್ ಆಯಿಲಿನ ಘಾಟು ವಾಸನೆ ಆ ಗಂಧಕದ್ದೇ. ಇಂಜಿನ್‌ನಿಂದ ಇಳಿಸಿದ ಹಳೆಯ ಆಯಿಲನ್ನು "ದಂಡವಾಗಬಾರದು" ಎಂದು ಹೌಸಿಂಗ್‌ಗೆ ಹುಯ್ಯುವವರಿದ್ದಾರೆ. ಅದು ಉಳಿತಾಯವಲ್ಲ.

ಇನ್ನೊಂದು ಗುರುತು ಜಿ.ಎಲ್.-4 ಮತ್ತು ಜಿ.ಎಲ್.-5. ಡಿಫರೆನ್ಷಿಯಲ್‌ಗೆ ಸಾಮಾನ್ಯವಾಗಿ ಜಿ.ಎಲ್.-5 ಹೇಳಿರುತ್ತಾರೆ, ಅದರಲ್ಲಿ ಮದ್ದು ಹೆಚ್ಚು. ಆದರೆ ಹಲವು ಗೇರ್‌ಬಾಕ್ಸ್‌ಗಳ ಒಳಗೆ ಹಿತ್ತಾಳೆಯ ಸಿಂಕ್ರೋ ಬಳೆಗಳಿರುತ್ತವೆ. ಹೆಚ್ಚಿನ ಮದ್ದು ಅವನ್ನು ಕಾಲಕ್ರಮದಲ್ಲಿ ತಿನ್ನಬಹುದು. ಆದ್ದರಿಂದ ಒಂದೇ ಡಬ್ಬಿ ತಂದು ನಾಲ್ಕೂ ಕಡೆ ಹುಯ್ಯುವ ಅಭ್ಯಾಸ ಬೇಡ. ಇತ್ತೀಚಿನ ಕೆಲವು ಗಾಡಿಗಳ ಟ್ರಾನ್ಸ್‌ಫರ್ ಕೇಸಿಗೆ ಗೇರ್ ಆಯಿಲ್ ಬದಲು ಎ.ಟಿ.ಎಫ್. ಎಂಬ ತೆಳ್ಳನೆಯ ಆಯಿಲ್ ಹೇಳಿರುತ್ತಾರೆ. ತಾನಾಗಿ ಲಾಕ್ ಆಗುವ ಡಿಫರೆನ್ಷಿಯಲ್ ಇದ್ದರೆ ಅದಕ್ಕೂ ಬೇರೆ ಆಯಿಲ್ ಇರಬಹುದು. ಪುಸ್ತಕ ನೋಡದೆ ಡಬ್ಬಿ ತೆರೆಯಬೇಡಿ.

ಪ್ರಮಾಣ: ಹಳೆಯ ಜೀಪಿನಲ್ಲಿ ಮುಂದಿನದು, ಹಿಂದಿನದು, ಟ್ರಾನ್ಸ್‌ಫರ್ ಕೇಸ್ ಮೂರೂ ಸೇರಿ ಸುಮಾರು 4 ಲೀಟರ್. ದೊಡ್ಡ ಪಿಕಪ್‌ಗಳಿಗೆ ಇದಕ್ಕಿಂತ ಹೆಚ್ಚು ಬೇಕು.

ಕೆಲಸದ ಕ್ರಮ

ಇದಕ್ಕೆ ವರ್ಕ್‌ಷಾಪೇ ಬೇಕೆಂದಿಲ್ಲ. ಅಡಿಕೆ ಒಣಗಿಸುವ ಕಣದಷ್ಟು ಸಮತಟ್ಟು ಜಾಗ ಸಾಕು.

ಒಂದು: ಗಾಡಿಯನ್ನು ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ತನ್ನಿ. ಬೆಚ್ಚಗಾದ ಆಯಿಲ್ ಬೇಗ ಇಳಿಯುತ್ತದೆ, ಕಸವನ್ನೂ ಹೊತ್ತು ತರುತ್ತದೆ. ಆದರೆ ಕೈ ಸುಡುವಷ್ಟು ಬಿಸಿ ಇರಬಾರದು.

ಎರಡು: ಸಮತಟ್ಟಿನಲ್ಲಿ ನಿಲ್ಲಿಸಿ ನಾಲ್ಕು ಚಕ್ರಕ್ಕೂ ಕಲ್ಲು ಕೊಡಿ. ಈ ಗಾಡಿಗಳಿಗೆ ನೆಲದಿಂದ ಎತ್ತರವಿರುವುದರಿಂದ ಜಾಕ್ ಹಾಕುವ ಅಗತ್ಯವೇ ಇಲ್ಲ. ಒಂದು ಕಡೆ ಎತ್ತಿದರೆ ಆಯಿಲ್ ಮಟ್ಟವೂ ತಪ್ಪುತ್ತದೆ.

ಇಲ್ಲಿ ಒಂದು ಎಚ್ಚರಿಕೆ, ಜೀವದ ಮಾತು. ಹಳೆಯ ವಿಲ್ಲೀಸ್ ಮಾದರಿಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಚಕ್ರವನ್ನು ಹಿಡಿಯುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಒಂದು ಚಕ್ರವನ್ನು ಜಾಕಿನಿಂದ ಎತ್ತಿದ ಕೂಡಲೇ, ಶಾಫ್ಟ್ ನಿಂತಿದ್ದರೂ ಎತ್ತಿದ ಚಕ್ರ ಒಂದು ಕಡೆ ತಿರುಗಿ ನೆಲದ ಚಕ್ರ ಇನ್ನೊಂದು ಕಡೆ ಉರುಳಬಲ್ಲದು. ಅದು ಡಿಫರೆನ್ಷಿಯಲ್‌ನ ಸಹಜ ಗುಣ. ಹ್ಯಾಂಡ್‌ಬ್ರೇಕ್ ಎಳೆದಿದೆ, ಗೇರಿನಲ್ಲಿದೆ ಎಂದು ನಂಬಿ ಅಡಿಗೆ ಹೋದವನ ಮೇಲೆ ಗಾಡಿ ಬರುತ್ತದೆ. ಕಲ್ಲು ಕೊಡದೆ ಯಾರೂ ಅಡಿಗೆ ಹೋಗಬಾರದು. ಜಾಕ್ ಒಂದರ ಮೇಲೆ ನಿಂತ ಗಾಡಿಯ ಅಡಿಗಂತೂ ಯಾವ ಕಾರಣಕ್ಕೂ ಕೂಡದು.

ಮೂರು: ಪ್ಲಗ್ಗುಗಳ ಸುತ್ತಲಿನ ಮಣ್ಣನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಿಂದ ಒರೆಸಿ. ಇಲ್ಲದಿದ್ದರೆ ಆ ಮರಳೇ ಒಳಗೆ ಬೀಳುತ್ತದೆ.

ನಾಲ್ಕು: ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿ; ಆಮೇಲೆ ಕೆಳಗಿನ ಡ್ರೈನ್ ಪ್ಲಗ್. ಈ ಒಂದು ನಿಯಮವನ್ನು ಗೋಡೆಯ ಮೇಲೆ ಬರೆದಿಡಿ. ಕೆಳಗಿನದನ್ನು ಮೊದಲು ಬಿಚ್ಚಿ ಆಯಿಲೆಲ್ಲ ಇಳಿಸಿದ ಮೇಲೆ, ತುಕ್ಕು ಹಿಡಿದ ಮೇಲಿನ ಪ್ಲಗ್ ಬರದೇ ಹೋದರೆ ಗಾಡಿ ಅಲ್ಲೇ ಕೂರುತ್ತದೆ. ತುಂಬುವ ದಾರಿಯೇ ಇಲ್ಲ. ಪ್ಲಗ್ಗಿಗೆ ಹೊಂದುವ ಸರಿಯಾದ ಚೌಕ ಕೀ ಅಥವಾ ಪಾನಾ ಬಳಸಿ. ಉಳಿ ಸುತ್ತಿಗೆ ಹಾಕಿದರೆ ಮೂಲೆ ಸವೆದು ಮುಂದಿನ ಸಲ ಯಾರಿಂದಲೂ ಆಗುವುದಿಲ್ಲ.

ಐದು: ಅಡಿಗೆ ಅಗಲದ ಬಾಣಲೆ ಇಟ್ಟು ಪೂರ್ತಿ ಇಳಿಯಲು ಬಿಡಿ. ಅರ್ಧ ಗಂಟೆಯಾದರೂ ಬೇಕು. ಟ್ರಾನ್ಸ್‌ಫರ್ ಕೇಸಿನ ಪ್ಲಗ್ ಎಂದು ಗೇರ್‌ಬಾಕ್ಸಿನದನ್ನು ಬಿಚ್ಚುವ ತಪ್ಪು ಸಾಮಾನ್ಯ. ಎರಡೂ ಒಂದಕ್ಕೊಂದು ಅಂಟಿಕೊಂಡಿದ್ದರೂ ಬೇರೆ ಬೇರೆ ಇಳಿಸಿ ಬೇರೆ ಬೇರೆ ತುಂಬಬೇಕು. ನಡುವಿನ ಸೀಲ್ ಸವೆದ ಹಳೆಯ ಗಾಡಿಯಲ್ಲಿ ಒಂದರ ಆಯಿಲ್ ಇನ್ನೊಂದಕ್ಕೆ ಸೇರುವುದೂ ಉಂಟು. ಟ್ರಾನ್ಸ್‌ಫರ್ ಕೇಸ್ ತುಂಬಿ ತುಳುಕುತ್ತಿದ್ದರೆ ಗೇರ್‌ಬಾಕ್ಸ್ ಖಾಲಿಯಾಗಿದೆಯೇ ಎಂದು ತಕ್ಷಣ ನೋಡಿ.

ಆರು: ಇಳಿದ ಆಯಿಲನ್ನು ಚೆಲ್ಲುವ ಮೊದಲು ಓದಿ. ಕಾಫಿ ಬೀಜ ನೋಡಿ ಗುಣ ಹೇಳುವ ನಮಗೆ ಇದು ಕಷ್ಟವಲ್ಲ. ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿಯಿರಿ. ಬರೇ ಕಪ್ಪಗಿದ್ದರೆ ವಯಸ್ಸಾಗಿದೆ ಅಷ್ಟೇ. ಡ್ರೈನ್ ಪ್ಲಗ್ಗಿನ ಅಯಸ್ಕಾಂತದ ಮೇಲೆ ಬೂದು ಬಣ್ಣದ ನುಣ್ಣನೆಯ ಕೆಸರು ಇದ್ದರೆ ಸಹಜ ಸವೆತ. ಕೈಗೆ ಚುಚ್ಚುವ ಚೂರು, ಉಗುರಿನಂಥ ತುಂಡು ಸಿಕ್ಕಿದರೆ ಹಲ್ಲು ಅಥವಾ ಬೇರಿಂಗ್ ಹೋಗುತ್ತಿದೆ. ಹೊಸ ಆಯಿಲ್ ಹುಯ್ದು ಮುಚ್ಚಿಡಬೇಡಿ, ಬಿಚ್ಚಿಸಿ ನೋಡಿ. ಆಯಿಲ್ ಹಾಲು ಬೆರೆತ ಕಾಫಿಯಂತೆ ಇದ್ದರೆ ನೀರು ಸೇರಿದೆ. ಸುಟ್ಟ ವಾಸನೆ ಇದ್ದರೆ ಆಯಿಲ್ ಕಡಿಮೆಯಾಗಿ ಕಾದಿದೆ.

ಏಳು: ಡ್ರೈನ್ ಪ್ಲಗ್ಗನ್ನು ಒರೆಸಿ, ತಾಮ್ರದ ವಾಷರ್ ಇದ್ದರೆ ಹೊಸದು ಹಾಕಿ ಬಿಗಿ ಮಾಡಿ. ಮಿತಿಮೀರಿ ಬಿಗಿದರೆ ಎರಕದ ಹೌಸಿಂಗ್‌ನ ಮರೆ ಕಿತ್ತುಹೋಗುತ್ತದೆ.

ಎಂಟು: ಹೊಸ ಆಯಿಲ್ ಡಬ್ಬಿಯನ್ನು ಒಂದು ಗಂಟೆ ಬಿಸಿಲಿನಲ್ಲಿಟ್ಟರೆ ತೆಳ್ಳಗಾಗಿ ಸುಲಭವಾಗಿ ಹೋಗುತ್ತದೆ. ಕೈ ಪಂಪಿನಿಂದಲೋ, ಆಲಿಕೆಗೆ ಉದ್ದ ಕೊಳವೆ ಸಿಕ್ಕಿಸಿಯೋ ತುಂಬಿ. ಫಿಲ್ಲರ್ ತೂತಿನ ಕೆಳ ಅಂಚಿಗೆ ಬಂದು ಹೊರಗೆ ಸಣ್ಣಗೆ ಇಳಿಯುವಷ್ಟು ಸಾಮಾನ್ಯ ಮಟ್ಟ. ಪುಸ್ತಕ ಬೇರೆ ಮಟ್ಟ ಹೇಳಿದ್ದರೆ ಅದರಂತೆ. "ಇನ್ನೂ ಸ್ವಲ್ಪ ಇರಲಿ" ಎಂದು ಗಾಡಿ ವಾಲಿಸಿ ಹೆಚ್ಚು ತುಂಬಬೇಡಿ. ಹೆಚ್ಚಾದ ಆಯಿಲ್ ಸೀಲ್ ದಾಟಿ ಬ್ರೇಕ್ ಲೈನರಿಗೆ ಹೋಗುತ್ತದೆ. ಘಾಟಿಯಲ್ಲಿ ಇಳಿಯುವಾಗ ಅದರ ಪರಿಣಾಮ ಹೇಳಬೇಕಾಗಿಲ್ಲ.

ಒಂಬತ್ತು: ಪ್ಲಗ್ ಹಾಕಿ, ಸ್ವಲ್ಪ ಓಡಿಸಿ, ರಾತ್ರಿ ಗಾಡಿಯ ಅಡಿಗೆ ಹಳೆಯ ಪೇಪರ್ ಹಾಸಿ. ಬೆಳಿಗ್ಗೆ ಪೇಪರಿನ ಮೇಲೆ ಎಲ್ಲಿ ತೊಟ್ಟು ಬಿದ್ದಿದೆ ನೋಡಿದರೆ ಯಾವ ಸೀಲ್ ಸೋರುತ್ತಿದೆ ಎಂಬುದು ತಾನಾಗಿ ತಿಳಿಯುತ್ತದೆ.

ನೀರು ಒಳಗೆ ಹೋಗುವುದು ಹೇಗೆ?

ಗಟ್ಟಿಯಾಗಿ ಮುಚ್ಚಿದ ಹೌಸಿಂಗ್ ಒಳಗೆ ನೀರು ಹೇಗೆ ಎಂದು ಕೇಳುವವರಿದ್ದಾರೆ. ಪ್ರತಿ ಹೌಸಿಂಗ್‌ಗೂ ಉಸಿರಾಡಲು ಮೇಲೊಂದು ಬ್ರೀದರ್ ಇರುತ್ತದೆ. ದಿಬ್ಬ ಹತ್ತಿ ಕಾದ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ಹೊರಗಿನಿಂದ ಎಳೆದುಕೊಳ್ಳುತ್ತದೆ. ಬ್ರೀದರ್ ನೀರಿನೊಳಗಿದ್ದರೆ ಅದರಿಂದಲೇ ನೀರು. ಬ್ರೀದರ್ ಮಣ್ಣಿನಿಂದ ಕಟ್ಟಿದ್ದರೆ ಸೀಲಿನ ಅಂಚಿನಿಂದ ನೀರು. ಕಟ್ಟಿದ ಬ್ರೀದರ್ ಇನ್ನೊಂದು ಕೆಡುಕನ್ನೂ ಮಾಡುತ್ತದೆ: ಕಾದಾಗ ಒಳಗೆ ಒತ್ತಡವೇರಿ ಆಯಿಲನ್ನು ಸೀಲಿನಿಂದ ಹೊರಕ್ಕೆ ತಳ್ಳುತ್ತದೆ. ನಾವು ಸೀಲ್ ಮೇಲೆ ಸೀಲ್ ಬದಲಾಯಿಸುತ್ತಾ ಕೂರುತ್ತೇವೆ. ಆಯಿಲ್ ಬದಲಾಯಿಸುವಾಗಲೆಲ್ಲ ಬ್ರೀದರ್ ಬಿಚ್ಚಿ ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು ಬಾಯಿಂದ ಊದಿ ನೋಡಿ.

ಆಕ್ಸಲ್ ಮುಳುಗುವಷ್ಟು ನೀರಿನಲ್ಲಿ ಹೋಗಿದ್ದರೆ, ಇಲ್ಲವೇ ಕೆರೆಗೆ ಇಳಿಸಿ ಗಾಡಿ ತೊಳೆದಿದ್ದರೆ, ಕಿಲೋಮೀಟರ್ ಲೆಕ್ಕ ಬಿಟ್ಟು ಆ ವಾರವೇ ಆಯಿಲ್ ನೋಡಿ.

ಯಾವಾಗ ಬದಲಾಯಿಸಬೇಕು?

ಪುಸ್ತಕದ ಅವಧಿ ಮುಖ್ಯ. ಭಾರ, ಧೂಳು, ನೀರಿನ ಕೆಲಸಕ್ಕೆ ಅದರಲ್ಲೇ ಬೇರೆ, ಕಡಿಮೆ ಅವಧಿ ಕೊಟ್ಟಿದ್ದರೆ ನಮ್ಮ ಗಾಡಿಗಳಿಗೆ ಅದೇ ಅನ್ವಯ. ನಮ್ಮ ಸಲಹೆ ಇಷ್ಟು: ವರ್ಷಕ್ಕೊಮ್ಮೆ, ಮಳೆಗಾಲ ಮುಗಿದು ಅಡಿಕೆ ಕೊಯ್ಲು ಬಿರುಸಾಗುವ ಮೊದಲು, ಕಾಫಿ ಹಣ್ಣು ಇಳಿಸುವ ಮೊದಲು ಮೂರನ್ನೂ ತೆರೆದು ನೋಡಿ. ಮಳೆಗಾಲದ ನೀರು ಸೇರಿದ್ದರೆ ಆಗ ಗೊತ್ತಾಗುತ್ತದೆ. ಕೊಯ್ಲಿನ ಭಾರಕ್ಕೆ ಗಾಡಿಯೂ ಸಿದ್ಧವಾಗುತ್ತದೆ. ತಿಂಗಳಿಗೊಮ್ಮೆ ಫಿಲ್ಲರ್ ಪ್ಲಗ್ ತೆಗೆದು ಕಿರುಬೆರಳಿಂದ ಮಟ್ಟ ಮುಟ್ಟಿ ನೋಡುವುದು ಹತ್ತು ನಿಮಿಷದ ಕೆಲಸ.

ಹಳೆಯ ಗಾಡಿ ಕೊಳ್ಳುವವರಿಗೂ ಒಂದು ಮಾತು. ಹಲ್ಲಿನ ಸದ್ದು ಅಡಗಿಸಲು ಗೇರ್‌ಬಾಕ್ಸ್, ಹೌಸಿಂಗ್‌ಗಳಿಗೆ ಮರದ ಹೊಟ್ಟು ತುಂಬುವ ಹಳೆಯ ಚಾಳಿಯೊಂದಿದೆ. ಬಣ್ಣ, ಸೀಟು ನೋಡುವ ಮೊದಲು ಡ್ರೈನ್ ಪ್ಲಗ್ಗನ್ನು ಸ್ವಲ್ಪ ಸಡಿಲಿಸಿ ಒಂದು ಲೋಟ ಆಯಿಲ್ ಇಳಿಸಿ ನೋಡಿ. ಮಾರುವವನು ಒಪ್ಪದಿದ್ದರೆ ಅದೇ ಉತ್ತರ.

ಇಳಿಸಿದ ಆಯಿಲ್ ಎಲ್ಲಿಗೆ?

ಹಳೆಯ ಆಯಿಲನ್ನು ತೋಟದ ಬದುವಿಗೆ, ಕಾಲುವೆಗೆ, ಬಾವಿಯ ಹತ್ತಿರ ಚೆಲ್ಲುವುದು ಬೇಡ. ಕಾನೂನಿನ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಮದ್ದೂರು ಕಡೆಯ ಹಳ್ಳಗಳ ನೀರನ್ನು ನಮ್ಮ ದನಕರುಗಳೂ ಕಾಡಿನ ಪ್ರಾಣಿಗಳೂ ಕುಡಿಯುತ್ತವೆ. ಅದೇ ನೀರು ಅಡಿಕೆಯ ಬುಡಕ್ಕೂ ಹೋಗುತ್ತದೆ. ಮುಚ್ಚಳವಿರುವ ಕ್ಯಾನಿನಲ್ಲಿ ಕೂಡಿಟ್ಟು, ಹಳೆಯ ಆಯಿಲನ್ನು ಮರುಶುದ್ಧಿಗೆ ಕಳಿಸುವ ವರ್ಕ್‌ಷಾಪಿಗೆ ಕೊಡಿ. ಮಕ್ಕಳ ಕೈಗೆ ಸಿಗದಂತೆ ಇಡಿ. ಕೆಲಸ ಮುಗಿದ ಮೇಲೆ ಕೈಗಳನ್ನು ಸೋಪಿನಿಂದ ಚೆನ್ನಾಗಿ ತೊಳೆಯಿರಿ.

ಕೂಡಿ ಮಾಡಿದರೆ ಹಗುರ

ಒಬ್ಬೊಬ್ಬರೇ ಚಿಲ್ಲರೆ ಡಬ್ಬಿ ಕೊಳ್ಳುವ ಬದಲು ಒಂದೇ ಮಾದರಿಯ ಗಾಡಿಯಿರುವ ನಾಲ್ಕೈದು ಮಂದಿ ಸೇರಿ ದೊಡ್ಡ ಡಬ್ಬಿಯನ್ನು ನಂಬಿಕೆಯ ಅಂಗಡಿಯಿಂದ ರಸೀದಿ ಸಹಿತ ತಂದರೆ ಬೆಲೆಯೂ ಕಡಿಮೆ, ಕಲಬೆರಕೆಯ ಭಯವೂ ಕಡಿಮೆ. ಕೈ ಪಂಪು, ಚೌಕ ಕೀ, ಬಾಣಲೆ ಇವು ಊರಿಗೆ ಒಂದು ಸೆಟ್ಟು ಇದ್ದರೆ ಸಾಕು. ವರ್ಕ್‌ಷಾಪಿಗೇ ಕೊಡುವುದಾದರೂ ಕೊಡಿ. ಆದರೆ ಪ್ಲಗ್ ಬಿಚ್ಚುವಾಗ ತಾವು ಅಲ್ಲೇ ನಿಂತಿರಿ. ಮುಗಿದ ಮೇಲೆ ಬಿಲ್ಲನ್ನಷ್ಟೇ ಅಲ್ಲ, ಪ್ಲಗ್ಗನ್ನೂ ನೋಡಿ. ತಾರೀಖು ಮತ್ತು ಕಿಲೋಮೀಟರನ್ನು ಡ್ರೈವರ್ ಬಾಗಿಲಿನ ಒಳಭಾಗದಲ್ಲಿ ಬಣ್ಣದಿಂದ ಬರೆಸಿ. ಡ್ರೈವರ್ ಬದಲಾದರೂ ಆ ಬರಹ ಬದಲಾಗುವುದಿಲ್ಲ.

ನಮ್ಮ ಪಿಕಪ್ ಈಗ ಹೊಸ ಕ್ರೌನ್ ಪಿನಿಯನ್ ಹಾಕಿಸಿಕೊಂಡು ಅದೇ ದಾರಿಯಲ್ಲಿ ಓಡುತ್ತಿದೆ. ಮದ್ದೂರು ಬಂದಾಗ ನಮ್ಮ ಡ್ರೈವರ್ ಟೀ ಕುಡಿಯಲು ನಿಲ್ಲಿಸುತ್ತಾನೆ. ಟೀ ಬರುವುದರೊಳಗೆ ಒಮ್ಮೆ ಹಿಂದಕ್ಕೆ ಹೋಗಿ ಹೌಸಿಂಗ್ ಮೇಲೆ ಕೈಯಿಟ್ಟು ಬಿಸಿ ನೋಡಿ, ಪಿನಿಯನ್ ಸೀಲಿನ ಹತ್ತಿರ ಬೆರಳಾಡಿಸಿ ಬರುತ್ತಾನೆ. ಅವನಿಗೆ ಇದನ್ನು ಯಾರೂ ಹೇಳಿಕೊಡಲಿಲ್ಲ. ತಮಗೆ ಆ ಪಾಠ ಈ ಪುಟದಿಂದಲೇ ದೊರೆಯಲಿ, ಕಾಡಿನ ರಸ್ತೆಯಿಂದ ಬೇಡ.